ಮಂಗನ ಕಾಯಿಲೆ: ಮಳೆಕಾಡಿನ ಸಂಶೋಧನೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ



ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಅಂಚಿನಲ್ಲಿರುವ ಗ್ರಾಮಗಳಿಗೆ ಮಂಗನ ಕಾಯಿಲೆ ಹೊಸದಲ್ಲ. ಮಳೆಗಾಲ ಮುಗಿದು ಅಡಿಕೆ ಕೊಯ್ಲು ನಡೆಯುವ ದಿನಗಳಿಂದ ಮುಂದಿನ ಮುಂಗಾರಿನವರೆಗೆ ಈ ರೋಗದ ಆತಂಕ ಮಲೆನಾಡಿನ ಮನೆಗಳನ್ನು ಬಿಡುವುದಿಲ್ಲ. ಸೌದೆಗೆ, ಸೊಪ್ಪಿಗೆ, ದರಗಿಗೆ, ದನ ಮೇಯಿಸುವುದಕ್ಕೆ ಕಾಡಿಗೆ ಹೋಗದೆ ಇಲ್ಲಿಯ ಬದುಕು ಸಾಗದು. ಹಾಗೆ ಹೋದವರಲ್ಲಿ ಕೆಲವರು ಜ್ವರ ಹಿಡಿದು ಮಲಗುತ್ತಾರೆ. ಅವರಲ್ಲಿ ಕೆಲವರು ಏಳುವುದಿಲ್ಲ. ಪ್ರಯೋಗಾಲಯದಲ್ಲಿ ದೃಢಪಟ್ಟ ರೋಗಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಮಂದಿ ಮರಣ ಹೊಂದುತ್ತಾರೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ.

ಈ ರೋಗದ ಬಗ್ಗೆ ಆರು ದಶಕಗಳಿಗೂ ಮೀರಿ ಸಂಶೋಧನೆ ನಡೆದಿದೆ. ಆ ಸಂಶೋಧನೆಯ ಸಾರವನ್ನು ಸದಸ್ಯರ ಮುಂದಿಡುವುದು ಈ ಪಾಠದ ಮೊದಲ ಉದ್ದೇಶ. ಸಂಶೋಧನೆಯಿಂದ ತಿಳಿದುಬಂದ ಸಂಗತಿಗಳಲ್ಲಿ ಹೆಚ್ಚಿನವು ಗ್ರಾಮ ಪಂಚಾಯತಿಯ ಕಣ್ಣಳತೆಯಲ್ಲೇ ನಡೆಯುವಂಥವು, ಆದ್ದರಿಂದ ರೋಗವನ್ನು ತಡೆಯುವ ಮೊದಲ ಅವಕಾಶವೂ ಪಂಚಾಯತಿಗೇ ದೊರೆಯುತ್ತದೆ ಎಂಬುದನ್ನು ಮನಗಾಣಿಸುವುದು ಎರಡನೆಯ ಉದ್ದೇಶ.

1. ಸಂಶೋಧನೆ ಆರಂಭವಾದ ಬಗೆ

ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ನರಳುತ್ತಿದ್ದಾರೆ ಎಂಬ ಸುದ್ದಿ 1957ರ ಮಾರ್ಚ್ ತಿಂಗಳಲ್ಲಿ ಪುಣೆಯ ವೈರಾಣು ಸಂಶೋಧನಾ ಕೇಂದ್ರವನ್ನು ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಎಂಬ ವಿಜ್ಞಾನಿಗಳ ನೇತೃತ್ವದ ತಂಡ ಸ್ಥಳಕ್ಕೆ ಬಂದಿತು.

ಮಂಗಗಳ ಸಾವು ಮತ್ತು ಮನುಷ್ಯರ ಜ್ವರ ಒಟ್ಟಿಗೆ ಕಾಣಿಸಿದ್ದರಿಂದ ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂದಿತೇ ಎಂಬ ಭೀತಿ ಮೊದಲಿಗೆ ಮೂಡಿತು. ಹಳದಿ ಜ್ವರವನ್ನು ಹರಡುವ ಸೊಳ್ಳೆ ನಮ್ಮಲ್ಲಿ ಹೇರಳವಾಗಿರುವುದರಿಂದ ಆ ಭೀತಿ ನಿರಾಧಾರವಾಗಿರಲಿಲ್ಲ. ಆದರೆ ರೋಗಿಗಳ ರಕ್ತದಿಂದಲೂ ಸತ್ತ ಮಂಗಗಳಿಂದಲೂ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಸಮೀಪದ ಬಂಧುವಾಗಿದ್ದ ಹೊಸ ವೈರಾಣು. ಮೊದಲು ದೊರೆತ ಸ್ಥಳದ ಹೆಸರಿನಿಂದಲೇ ಜಗತ್ತು ಇಂದು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಸಂಕ್ಷಿಪ್ತವಾಗಿ ಕೆಎಫ್‌ಡಿ, ಎಂದು ಕರೆಯುತ್ತದೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ಸಂಗತಿಯೊಂದಿದೆ. ವಿಜ್ಞಾನಿಗಳು ಬರುವುದಕ್ಕೆ ಮೊದಲೇ ಹಳ್ಳಿಯ ಜನ ಇದನ್ನು ಮಂಗನ ಕಾಯಿಲೆ ಎಂದು ಕರೆಯುತ್ತಿದ್ದರು. ಕಾಡಿನಲ್ಲಿ ಮಂಗ ಬಿದ್ದರೆ ಊರಿನಲ್ಲಿ ಜ್ವರ ಬರುತ್ತದೆ ಎಂಬ ಸಂಬಂಧವನ್ನು ಅವರು ಕಂಡುಕೊಂಡಿದ್ದರು. ಆ ತಿಳಿವಳಿಕೆಯೇ ಸಂಶೋಧನೆಗೆ ದಾರಿ ತೋರಿದ ಮೊದಲ ಸಾಕ್ಷ್ಯ. ಪ್ರಯೋಗಾಲಯ ಅದಕ್ಕೆ ಕಾರಣವನ್ನು ಒದಗಿಸಿತು.

ಸೈಬೀರಿಯದ ಕಡೆಯಿಂದ ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳು ಉಣುಗುಗಳೊಡನೆ ಈ ವೈರಾಣುವನ್ನು ತಂದಿರಬಹುದೇ ಎಂಬ ಪ್ರಶ್ನೆಯೂ ಆಗ ಎದ್ದಿತು. ಇದನ್ನು ಪರಿಶೀಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವನ್ನು ಕೈಗೊಂಡಿತು. ಹಕ್ಕಿಗಳೇ ರೋಗ ತಂದವು ಎಂಬುದಕ್ಕೆ ಆಧಾರ ಸಿಗಲಿಲ್ಲ. ಸಂಶೋಧಕರ ಗಮನ ಮತ್ತೆ ಸ್ಥಳೀಯ ಕಾಡಿನ ನೆಲದ ಮೇಲೆಯೇ ನಿಂತಿತು.

2. ರೋಗ ಹರಡುವ ಸರಪಳಿ

ಸಾಗರದಲ್ಲಿ ಸ್ಥಾಪಿಸಿದ ಕ್ಷೇತ್ರ ಕೇಂದ್ರದಿಂದ ಸಂಶೋಧಕರು ವರ್ಷಗಟ್ಟಲೆ ಕಾಡಿನಲ್ಲಿ ಕೆಲಸ ಮಾಡಿದರು. ಬಿಳಿಯ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಹೆಕ್ಕಿ ಎಣಿಸುವುದು ಇಂಥ ಅಧ್ಯಯನದ ಸರಳ ವಿಧಾನ. ಇಂದಿಗೂ ಅದೇ ವಿಧಾನ ಬಳಕೆಯಲ್ಲಿದೆ. ಈ ದೀರ್ಘ ಶ್ರಮದಿಂದ ತಿಳಿದುಬಂದ ಸರಪಳಿ ಹೀಗಿದೆ.

ವೈರಾಣು ಕಾಡಿನ ಉಣುಗುಗಳಲ್ಲಿಯೂ ಇಲಿ, ಸುಂಡಿಲಿ ಮುಂತಾದ ಸಣ್ಣ ಪ್ರಾಣಿಗಳಲ್ಲಿಯೂ ಸದ್ದಿಲ್ಲದೆ ಉಳಿದಿರುತ್ತದೆ. ಉಣುಗುಗಳಲ್ಲಿ ಹಲವು ಜಾತಿಗಳಿದ್ದರೂ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ ಮುಖ್ಯವಾದುದು. ವೈರಾಣು ಇರುವ ಉಣುಗು ಕೆಂಪು ಮೋರೆಯ ಮಂಗನನ್ನೋ ಕಪ್ಪು ಮೋರೆಯ ಮುಸಿಯವನ್ನೋ ಕಚ್ಚಿದಾಗ ಆ ಪ್ರಾಣಿಯ ರಕ್ತದಲ್ಲಿ ವೈರಾಣು ವಿಪರೀತವಾಗಿ ಬೆಳೆಯುತ್ತದೆ. ಆಗ ಅದರ ಮೈಮೇಲಿರುವ ನೂರಾರು ಉಣುಗುಗಳು ರಕ್ತದೊಡನೆ ವೈರಾಣುವನ್ನೂ ಹೀರುತ್ತವೆ. ಮಂಗ ಸತ್ತು ನೆಲಕ್ಕೆ ಬಿದ್ದಾಗ ಈ ಉಣುಗುಗಳು ದೇಹವನ್ನು ಬಿಟ್ಟು ಸುತ್ತಲಿನ ತರಗೆಲೆಯೊಳಗೆ ಸೇರುತ್ತವೆ. ಮಂಗ ಸತ್ತ ಸ್ಥಳವನ್ನು ಅಪಾಯದ ತಾಣವೆಂದು ಆರೋಗ್ಯ ಇಲಾಖೆ ಗುರುತಿಸುವುದು ಈ ಕಾರಣಕ್ಕಾಗಿಯೇ.

ಇಂಥ ಉಣುಗು ಮನುಷ್ಯನನ್ನು ಕಚ್ಚಿದರೆ ಮೂರರಿಂದ ಎಂಟು ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಮನುಷ್ಯನಲ್ಲಿಗೆ ಬಂದಾಗ ಸರಪಳಿ ಕೊನೆಗೊಳ್ಳುತ್ತದೆ. ರೋಗಿಯಿಂದ ಮತ್ತೊಬ್ಬರಿಗೆ ಈ ರೋಗ ಹರಡುವುದಿಲ್ಲ.

ಜಾನುವಾರುಗಳ ಪಾತ್ರ ಇನ್ನೊಂದು ಬಗೆಯದು. ದನ, ಎಮ್ಮೆಗಳ ದೇಹದಲ್ಲಿ ವೈರಾಣು ಹೆಚ್ಚಾಗಿ ಬೆಳೆಯದು. ಅವು ರೋಗದಿಂದ ಸಾಯುವುದೂ ಇಲ್ಲ. ಆದರೆ ಬೆಳೆದ ಉಣುಗಿಗೆ ಅವು ಸಮೃದ್ಧವಾದ ಆಹಾರ. ಕಾಡಿನಲ್ಲಿ ಮೇಯುವ ದನದ ರಕ್ತ ಹೀರಿ ತೃಪ್ತಿಯಾದ ಹೆಣ್ಣು ಉಣುಗು ನೆಲಕ್ಕೆ ಉದುರಿ ನೂರಾರು, ಕೆಲವೊಮ್ಮೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ದನಗಳು ನಡೆದಾಡುವ ದಾರಿಯುದ್ದಕ್ಕೂ ಉಣುಗಿನ ಸಂತತಿ ಹೆಚ್ಚುವುದು ಹೀಗೆ. ಅಂದರೆ ದನ ರೋಗವನ್ನು ಹರಡುವುದಿಲ್ಲ. ರೋಗ ಹರಡುವ ಉಣುಗನ್ನು ಸಾಕುತ್ತದೆ. ಈ ವ್ಯತ್ಯಾಸವನ್ನು ಸದಸ್ಯರು ಜನರಿಗೆ ಸ್ಪಷ್ಟವಾಗಿ ತಿಳಿಸಬೇಕು.

3. ಉಣುಗಿನ ವರ್ಷಚಕ್ರ

ರೋಗ ವರ್ಷವಿಡೀ ಇರದೆ ಒಂದು ನಿಶ್ಚಿತ ಕಾಲದಲ್ಲಿ ಮಾತ್ರ ಏಕೆ ಏಳುತ್ತದೆ ಎಂಬುದಕ್ಕೆ ಉತ್ತರ ಉಣುಗಿನ ಜೀವನಕ್ರಮದಲ್ಲಿದೆ. ಮೊಟ್ಟೆಯಿಂದ ಹೊರಬಂದ ಮೇಲೆ ಉಣುಗು ಮೂರು ಹಂತಗಳನ್ನು ದಾಟುತ್ತದೆ. ಮೊದಲನೆಯದು ಆರು ಕಾಲಿನ ಮರಿ ಉಣುಗು. ಎರಡನೆಯದು ಎಂಟು ಕಾಲಿನ ಎಳೆ ಉಣುಗು. ಮೂರನೆಯದು ಬೆಳೆದ ಉಣುಗು. ಪ್ರತಿ ಹಂತದಲ್ಲಿಯೂ ಅದು ಒಂದು ಪ್ರಾಣಿಯ ರಕ್ತ ಹೀರಿ, ನೆಲಕ್ಕೆ ಬಿದ್ದು, ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬೆಳೆಯುತ್ತದೆ. ಒಂದು ಹಂತದಲ್ಲಿ ಸೇರಿದ ವೈರಾಣು ಮುಂದಿನ ಹಂತದಲ್ಲಿಯೂ ದೇಹದಲ್ಲಿ ಉಳಿಯುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೆಳೆದ ಉಣುಗುಗಳು ಚುರುಕಾಗಿದ್ದು ದೊಡ್ಡ ಪ್ರಾಣಿಗಳನ್ನು, ವಿಶೇಷವಾಗಿ ದನಗಳನ್ನು, ಹತ್ತುತ್ತವೆ. ಮಳೆ ಹಿಂದೆ ಸರಿದಂತೆ ಮರಿ ಉಣುಗುಗಳು ನೆಲದ ಹುಲ್ಲಿನಲ್ಲಿ, ತರಗೆಲೆಯಲ್ಲಿ ಗುಂಪುಗುಂಪಾಗಿ ಕಾಣಿಸಿಕೊಂಡು ಇಲಿ, ಹಕ್ಕಿ, ಮಂಗಗಳನ್ನು ಸೇರುತ್ತವೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಎಳೆ ಉಣುಗುಗಳ ಕಾಲ ಆರಂಭವಾಗಿ ಮೇ ತಿಂಗಳವರೆಗೂ ಇರುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಎಳೆ ಉಣುಗೇ. ಗಾತ್ರದಲ್ಲಿ ಅತಿ ಚಿಕ್ಕದಾದುದರಿಂದ ಅದು ಮೈಗೆ ಹತ್ತಿದ್ದು ಅನೇಕರಿಗೆ ಗೊತ್ತಾಗುವುದೇ ಇಲ್ಲ. ಜನವರಿಯಿಂದ ಮಾರ್ಚ್‌ವರೆಗೆ ರೋಗ ತೀವ್ರಗೊಳ್ಳುವುದಕ್ಕೂ ಮಲೆನಾಡಿನ ಜನ ಸೌದೆ, ದರಗು ಸಂಗ್ರಹಕ್ಕೆಂದು ಕಾಡಿಗೆ ಹೆಚ್ಚಾಗಿ ಹೋಗುವುದಕ್ಕೂ ಕಾಲ ಒಂದೇ. ಅನಾಹುತಕ್ಕೆ ದಾರಿಯಾಗುವುದು ಈ ಹೊಂದಿಕೆಯೇ.

4. ಕಾಡಿನ ನಡುವೆಗಿಂತ ಕಾಡಿನ ಅಂಚು

ಕೊಲಂಬಿಯಾ ದೇಶದ ವಿಜ್ಞಾನಿ ಜಾರ್ಜ್ ಬೊಶೆಲ್ ಶಿವಮೊಗ್ಗ ಪ್ರದೇಶದಲ್ಲಿ ನಡೆಸಿದ ಅಧ್ಯಯನವನ್ನು ಆಧರಿಸಿ 1969ರಲ್ಲಿ ಮಹತ್ವದ ವಿವರಣೆಯೊಂದನ್ನು ಮುಂದಿಟ್ಟರು. ಜನಸಂಖ್ಯೆ ಹೆಚ್ಚಿ, ಕಣಿವೆಗಳ ಕಾಡು ಕಡಿದು ಗದ್ದೆಗಳಾದಾಗ, ಉಳಿದ ಕಾಡಿನೊಳಕ್ಕೆ ದನಗಳು ಮೇಯಲು ಹೋಗತೊಡಗಿದವು. ದನಗಳಿಂದ ಉಣುಗಿನ ಸಂಖ್ಯೆ ಬೆಳೆಯಿತು. ಆಹಾರವರಸಿ ಮಂಗಗಳು ಕಾಡಿನ ಅಂಚಿಗೂ ತೋಟಗಳಿಗೂ ಬಂದವು. ಕಾಡಿನೊಳಗೆ ಹಿಂದಿನಿಂದಲೂ ತಣ್ಣಗಿದ್ದ ವೈರಾಣುವಿಗೆ ಮಂಗ, ದನ, ಮನುಷ್ಯ ಮೂವರೂ ಸೇರುವ ಅಂಚು ದೊರೆಯಿತು ಎಂಬುದು ಅವರ ವಾದದ ತಿರುಳು.

ಇತ್ತೀಚಿನ ಅಧ್ಯಯನಗಳು ಈ ವಾದವನ್ನು ಇನ್ನಷ್ಟು ನಿಖರಗೊಳಿಸಿವೆ. ಬ್ರಿಟನ್ನಿನ ಹಾಗೂ ಭಾರತದ ಸಂಶೋಧನಾ ಸಂಸ್ಥೆಗಳು ರಾಜ್ಯದ ಇಲಾಖೆಗಳೊಡನೆ ಕೂಡಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು 2014ರಿಂದೀಚೆಗೆ ಮನುಷ್ಯರಲ್ಲಿ ರೋಗ ಕಾಣಿಸಿದ ಸ್ಥಳಗಳನ್ನು ಭೂಪಟದ ಮೇಲೆ ಪರಿಶೀಲಿಸಿತು. ತೇವಭರಿತ ನಿತ್ಯಹರಿದ್ವರ್ಣ ಕಾಡು ಮತ್ತು ತೋಟ, ನೆಡುತೋಪುಗಳು ಒಂದರೊಳಗೊಂದು ಬೆರೆತಿರುವ, ನಾಡತಳಿಯ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ರೋಗದ ಸಂಭವ ಹೆಚ್ಚು ಎಂದು ಅದು ಕಂಡುಕೊಂಡಿತು. ಒಣ ಎಲೆಯುದುರುವ ಕಾಡು ಹೆಚ್ಚಾಗಿರುವ ಕಡೆ ಸಂಭವ ಕಡಿಮೆ. ನಮ್ಮ ಮಲೆನಾಡಿನ ಅನೇಕ ಗ್ರಾಮಗಳ ಭೂಚಿತ್ರಕ್ಕೆ ಮೊದಲ ವರ್ಣನೆ ಅಕ್ಷರಶಃ ಒಪ್ಪುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ರೋಗದ ಎಲ್ಲೆಯೂ ವಿಸ್ತರಿಸಿದೆ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿತು. ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಿಗೂ ಹಬ್ಬಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ, ಆನಂತರ ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ದೃಢಪಟ್ಟಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಸಂಭವಿಸಿದ ಸಾವುಗಳು ರಾಜ್ಯದ ಗಮನ ಸೆಳೆದವು. ಆದ್ದರಿಂದ ತಮ್ಮ ಗ್ರಾಮದಲ್ಲಿ ಈವರೆಗೆ ಕಾಣಿಸಿಲ್ಲ ಎಂಬುದು ನಿಶ್ಚಿಂತೆಗೆ ಆಧಾರವಾಗದು.

5. ರೋಗವನ್ನು ಗುರುತಿಸುವುದು

ರೋಗ ಹಠಾತ್ತಾಗಿ ಆರಂಭವಾಗುತ್ತದೆ. ತೀವ್ರ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಹಾಗೂ ಕೈಕಾಲುಗಳ ಸ್ನಾಯುಗಳಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಹಾಗೂ ಅತಿಯಾದ ನಿಶ್ಶಕ್ತಿ ಇದರ ಲಕ್ಷಣಗಳು. ಕೆಲವರಲ್ಲಿ ಮೂಗು, ವಸಡು, ಕರುಳುಗಳಿಂದ ರಕ್ತಸ್ರಾವವಾಗುತ್ತದೆ. ರಕ್ತದಲ್ಲಿ ಬಿಳಿಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಬಹುಪಾಲು ರೋಗಿಗಳು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಜ್ವರ ಬಂದು, ತೀವ್ರ ತಲೆನೋವು, ಕುತ್ತಿಗೆ ಸೆಡೆತ, ನಡುಕ, ಮತಿಭ್ರಮಣೆಗಳು ಕಾಣಿಸುತ್ತವೆ. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಮರಳಿದವರನ್ನೂ ಆಶಾ ಕಾರ್ಯಕರ್ತೆಯರು ಮೂರು ನಾಲ್ಕು ವಾರ ವಿಚಾರಿಸುತ್ತಿರಬೇಕು ಎನ್ನುವುದು ಈ ಎರಡನೆಯ ಹಂತದ ಕಾರಣದಿಂದ.

ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ದೇಹದ ದ್ರವಾಂಶ ಕಾಪಾಡುವುದು, ರಕ್ತದೊತ್ತಡವನ್ನೂ ರಕ್ತಸ್ರಾವವನ್ನೂ ಗಮನಿಸುವುದು, ಅಗತ್ಯವಿದ್ದಾಗ ರಕ್ತಕಣಗಳನ್ನು ಕೊಡುವುದು, ಇವೇ ಚಿಕಿತ್ಸೆ. ಇಂಥ ಚಿಕಿತ್ಸೆ ಸಕಾಲದಲ್ಲಿ ದೊರೆತರೆ ಜೀವ ಉಳಿಯುತ್ತದೆ. ಮನೆಯಲ್ಲಿಯೇ ನೋವಿನ ಮಾತ್ರೆ ನುಂಗಿ ದಿನ ಕಳೆಯುವುದು ಎರಡು ರೀತಿಯಲ್ಲಿ ಅಪಾಯಕರ: ಸಮಯ ವ್ಯರ್ಥವಾಗುತ್ತದೆ, ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ರೋಗವನ್ನು ಖಚಿತಪಡಿಸಿಕೊಳ್ಳಲು ರಕ್ತಪರೀಕ್ಷೆಯೊಂದೇ ದಾರಿ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ವಿಧಾನದಿಂದ ವೈರಾಣುವನ್ನೇ ಪತ್ತೆ ಮಾಡಲಾಗುತ್ತದೆ. ಅನಂತರ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನು ಪರೀಕ್ಷಿಸಲಾಗುತ್ತದೆ. ವೈರಾಣು ಅಪಾಯಕಾರಿಯಾದುದರಿಂದ ಎಲ್ಲ ಪ್ರಯೋಗಾಲಯಗಳಲ್ಲಿ ಈ ಕೆಲಸ ಸಾಧ್ಯವಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದ ರಕ್ತದ ಮಾದರಿಯನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ನಿಗದಿತ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಆದುದರಿಂದ ಜ್ವರ ಬಂದ ದಿನ ಯಾವುದು, ಹಿಂದಿನ ಒಂದೆರಡು ವಾರಗಳಲ್ಲಿ ರೋಗಿ ಕಾಡಿಗೆ ಹೋಗಿದ್ದರೇ ಎಂಬ ಎರಡು ಮಾಹಿತಿಗಳನ್ನು ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸುವಂತೆ ಜನರಿಗೆ ಮನವರಿಕೆ ಮಾಡಿಕೊಡಬೇಕು.

6. ಲಸಿಕೆಯ ಅನುಭವ ಕಲಿಸಿದ ಪಾಠ

ಆರಂಭದ ವರ್ಷಗಳಲ್ಲಿ ರಷ್ಯಾದ ಬಂಧು ವೈರಾಣುವಿನ ವಿರುದ್ಧ ತಯಾರಿಸಿದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ ನೋಡಲಾಯಿತು. ಅದು ರಕ್ಷಣೆ ನೀಡಲಿಲ್ಲ. ಅನಂತರ ಇಲ್ಲಿಯ ವೈರಾಣುವಿನಿಂದಲೇ ನಿಷ್ಕ್ರಿಯ ಲಸಿಕೆಯನ್ನು ಸಿದ್ಧಪಡಿಸಲಾಯಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಅದರ ಉತ್ಪಾದನೆ ನಡೆಯುತ್ತಿತ್ತು. 7ರಿಂದ 65 ವರ್ಷದವರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಬಳಿಕ ಮತ್ತೊಂದು ಸಲ, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದು ಸಲ ಎಂದು ಕ್ರಮ ನಿಗದಿಯಾಗಿತ್ತು.

1990ರ ದಶಕದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಸಲ ಪಡೆದವರಿಗೆ ಶೇಕಡ 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಮತ್ತೊಂದು ಅಧ್ಯಯನದಲ್ಲಿ ಅದು ಶೇಕಡ 62.4ಕ್ಕೆ ಇಳಿದಿತ್ತು, ಬಲವರ್ಧಕ ಚುಚ್ಚುಮದ್ದನ್ನೂ ಪಡೆದವರಲ್ಲಿ ಶೇಕಡ 82.9ರಷ್ಟಿತ್ತು. ಇದರ ಅರ್ಥವನ್ನು ಸರಳವಾಗಿ ಹೀಗೆ ಹೇಳಬಹುದು: ಲಸಿಕೆ ಪಡೆಯದ ಜನರ ಗುಂಪೊಂದರಲ್ಲಿ ನೂರು ಮಂದಿಗೆ ರೋಗ ಬರುವಂತಿದ್ದರೆ, ಅಷ್ಟೇ ದೊಡ್ಡದಾದ, ಎರಡು ಸಲ ಮಾತ್ರ ಲಸಿಕೆ ಪಡೆದ ಗುಂಪಿನಲ್ಲಿ ಸುಮಾರು ಮೂವತ್ತೆಂಟು ಮಂದಿಗೆ ಬರುತ್ತಿತ್ತು. ಬಲವರ್ಧಕವನ್ನೂ ಪಡೆದ ಗುಂಪಿನಲ್ಲಿ ಸುಮಾರು ಹದಿನೇಳು ಮಂದಿಗೆ. ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂದದ್ದನ್ನು ಕಂಡು ಅದು ನಿರುಪಯುಕ್ತವೆಂದು ಜನ ಭಾವಿಸಿದರೆ, ಅಂಕಿಅಂಶ ಬೇರೆಯದನ್ನೇ ಹೇಳುತ್ತಿತ್ತು. ಚುಚ್ಚಿದ ಜಾಗದ ನೋವು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾದ ತೊಂದರೆ ಇವುಗಳಿಂದ ಅನೇಕರು ಪೂರ್ಣ ಕ್ರಮವನ್ನು ಮುಗಿಸಲಿಲ್ಲ.

ಲಸಿಕೆಯ ಸಾಮರ್ಥ್ಯ ಕುಗ್ಗಿದ್ದು ಖಚಿತವಾದ ಮೇಲೆ 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಅಭಿವೃದ್ಧಿಯನ್ನು ಕೈಗೆತ್ತಿಕೊಂಡಿದೆ. ಅದು ಗ್ರಾಮಗಳಿಗೆ ಬರುವವರೆಗೆ ರಕ್ಷಣೆಯ ಭಾರವೆಲ್ಲ ಮುನ್ನೆಚ್ಚರಿಕೆಯ ಮೇಲೆಯೇ ಇದೆ. ಬಂದ ಮೇಲೆ ಪೂರ್ಣ ಕ್ರಮವನ್ನು ಜನ ಮುಗಿಸುವಂತೆ ಮಾಡುವ ಹೊಣೆ ಮತ್ತೆ ಗ್ರಾಮಸಭೆಗೇ ಸೇರುತ್ತದೆ.

7. ಗ್ರಾಮ ಪಂಚಾಯತಿ ಮಾಡಬೇಕಾದ ಕೆಲಸಗಳು

ಕಾಡಿಗೆ ಹೋಗಬೇಡಿ ಎಂಬ ಸೂಚನೆಯೊಂದರಿಂದ ರೋಗ ನಿಲ್ಲದು. ಒಲೆಗೆ ಸೌದೆ, ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು ಬೇಕಾದ ಕುಟುಂಬ ಆ ಸೂಚನೆಯನ್ನು ಪಾಲಿಸಲು ಸಾಧ್ಯವಿಲ್ಲವೆಂಬುದು ಸದಸ್ಯರಿಗೆ ತಿಳಿದೇ ಇದೆ. ಹೋಗುವ ಕಾಲ, ಹೋಗುವ ಜಾಗ, ಹೋಗುವ ರೀತಿ ಈ ಮೂರನ್ನು ಬದಲಾಯಿಸುವುದು ಸಾಧ್ಯ. ಉಣುಗಿನ ವರ್ಷಚಕ್ರವನ್ನೇ ಅನುಸರಿಸಿ ಕೆಲಸಗಳನ್ನು ಹಂಚಿಕೊಳ್ಳಬಹುದು.

ಜೂನ್‌ನಿಂದ ಸೆಪ್ಟೆಂಬರ್: ಬೆಳೆದ ಉಣುಗು ದನಗಳ ಮೇಲಿರುವ ಕಾಲವಿದು. ಕಾಡಿನಲ್ಲಿ ಮೇಯುವ ದನಗಳಿರುವ ಮನೆಗಳ ಪಟ್ಟಿ ಮಾಡಿ, ಪಶು ವೈದ್ಯಾಧಿಕಾರಿಗಳ ಸಲಹೆಯಂತೆ ಉಣುಗು ನಿವಾರಕ ಔಷಧವನ್ನು ಒದಗಿಸಬೇಕು. ರೋಗ ಕಾಣಿಸಿದ ಮೇಲೆ ಬೇಸಿಗೆಯಲ್ಲಿ ಮಾತ್ರ ದನಗಳಿಗೆ ಔಷಧ ಹಚ್ಚುವುದಕ್ಕಿಂತ, ಉಣುಗು ಮೊಟ್ಟೆಯಿಡುವುದಕ್ಕೆ ಮೊದಲೇ ಹಚ್ಚುವುದು ತರ್ಕಬದ್ಧ.

ಅಕ್ಟೋಬರ್, ನವೆಂಬರ್: ಸಿದ್ಧತೆಯ ತಿಂಗಳುಗಳಿವು. ಹಿಂದಿನ ವರ್ಷಗಳಲ್ಲಿ ಮಂಗ ಸತ್ತ ಹಾಗೂ ಜನರಿಗೆ ರೋಗ ಬಂದ ಸ್ಥಳಗಳನ್ನು ಗ್ರಾಮ ನಕ್ಷೆಯಲ್ಲಿ ಗುರುತಿಸಬೇಕು. ಆರೋಗ್ಯ ಇಲಾಖೆ ನೀಡುವ ಡೇಪಾ ತೈಲ ಎಷ್ಟು ಮನೆಗಳಿಗೆ ಬೇಕೆಂಬ ಬೇಡಿಕೆಯನ್ನು ಮುಂಚಿತವಾಗಿ ಸಲ್ಲಿಸಬೇಕು. ಕೈಕಾಲುಗಳಿಗೆ ಹಚ್ಚಿಕೊಂಡರೆ ಉಣುಗು ಹತ್ತದಂತೆ ತಡೆಯುವ ಈ ತೈಲ ಜನವರಿಯಲ್ಲಿ ಬಂದರೆ ಅರ್ಧ ಪ್ರಯೋಜನ ಕಳೆದಂತೆಯೇ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯನ್ನು ಈ ಅವಧಿಯಲ್ಲಿಯೇ ಕರೆಯುವುದು ಸೂಕ್ತ.

ಡಿಸೆಂಬರ್‌ನಿಂದ ಮೇ: ನಿಗಾ ಇಡುವ ಕಾಲವಿದು. ಮಂಗ ಸತ್ತಿರುವುದು ಯಾರಿಗೆ ಕಂಡರೂ ಅದೇ ದಿನ ಪಂಚಾಯತಿಗೆ ತಿಳಿಯಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಆರೋಗ್ಯ, ಅರಣ್ಯ, ಪಶುಪಾಲನೆ ಈ ಮೂರು ಇಲಾಖೆಗಳಿಗೂ ಒಟ್ಟಿಗೆ ಮಾಹಿತಿ ನೀಡಬೇಕು. ಸತ್ತ ಮಂಗನನ್ನು ಸಾರ್ವಜನಿಕರು ಮುಟ್ಟಬಾರದು, ಎಳೆಯಬಾರದು, ಸುಡಬಾರದು. ಬಂಡೀಪುರದಲ್ಲಿ ಮಂಗಗಳ ದೇಹವನ್ನು ಸುಡುವ ಕೆಲಸದಲ್ಲಿ ತೊಡಗಿದ್ದವರೇ ರೋಗಕ್ಕೆ ತುತ್ತಾದುದು ಇದಕ್ಕೆ ಸಾಕ್ಷಿ. ರಕ್ಷಣಾ ಉಡುಪು ಧರಿಸಿದ ಸಿಬ್ಬಂದಿ ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ವಿಲೇವಾರಿ ಮಾಡಿ, ಸುತ್ತ ಸುಮಾರು 50 ಅಡಿ ವ್ಯಾಪ್ತಿಯಲ್ಲಿ ಕೀಟನಾಶಕ ಪುಡಿ ಎರಚುತ್ತಾರೆ. ಆ ಜಾಗಕ್ಕೆ ಜನ, ದನ ಹೋಗದಂತೆ ಗುರುತು ಹಾಕಿಸುವುದು ಪಂಚಾಯತಿಯ ಕೆಲಸ.

ಕಾಡಿಗೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ಧರಿಸಿ, ತೈಲ ಹಚ್ಚಿಕೊಂಡು ಹೋಗಬೇಕು. ತರಗೆಲೆಯ ಮೇಲೆ ಕೂರಬಾರದು. ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಹತ್ತಿದ ಉಣುಗನ್ನು ಬರಿಗೈಯಲ್ಲಿ ಹಿಸುಕದೆ ಚಿಮಟದಿಂದ ತೆಗೆಯಬೇಕು. ಎಳೆ ಉಣುಗಿನ ಕಾಲದಲ್ಲಿ ಕಾಡಿನ ದರಗನ್ನು ತಂದು ಮನೆಯಂಗಳದಲ್ಲಿ ರಾಶಿ ಹಾಕುವುದೆಂದರೆ ಕಾಡಿನ ನೆಲವನ್ನೇ ಮನೆಬಾಗಿಲಿಗೆ ತಂದಂತೆ. ಸಾಧ್ಯವಿದ್ದಷ್ಟು ಕುಟುಂಬಗಳು ಕೊಟ್ಟಿಗೆಗೆ ಹುಲ್ಲು ಅಥವಾ ತೋಟದ ಒಣ ಸೋಗೆಯನ್ನು ಬಳಸುವಂತೆ ಪ್ರೇರೇಪಿಸಬೇಕು.

8. ನಿವಾರಿಸಬೇಕಾದ ತಪ್ಪು ತಿಳಿವಳಿಕೆಗಳು

ರೋಗದ ಹೆಸರಿನಲ್ಲಿ ಮಂಗ ಇರುವುದರಿಂದ ಮಂಗಗಳನ್ನು ಓಡಿಸಿದರೆ ಅಥವಾ ಕೊಂದರೆ ರೋಗ ಹೋಗುತ್ತದೆ ಎಂಬ ಭಾವನೆ ಕೆಲವೆಡೆ ಇದೆ. ಮಂಗ ಈ ರೋಗಕ್ಕೆ ನಮಗಿಂತ ಮೊದಲು ಬಲಿಯಾಗುವ ಪ್ರಾಣಿ. ಅದರ ಸಾವು ನಮಗೆ ದೊರೆಯುವ ಎಚ್ಚರಿಕೆ. ಕೊಂದು ಬಿಸಾಡಿದ ಮಂಗನ ಮೈಯಿಂದಲೂ ಉಣುಗುಗಳು ಉದುರುತ್ತವೆ ಎಂಬುದನ್ನು ಮರೆಯಬಾರದು.

ರೋಗಿಯ ಮನೆಗೆ ಹೋಗಬಾರದು, ಆ ಮನೆಯವರನ್ನು ಕೂಲಿಗೆ ಕರೆಯಬಾರದು ಎಂಬ ಭಯವೂ ಆಧಾರವಿಲ್ಲದ್ದು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲವಾದ್ದರಿಂದ ರೋಗಿಯ ಕುಟುಂಬಕ್ಕೆ ಊರಿನ ನೆರವು ನಿಲ್ಲಬಾರದು. ದುಡಿಯುವ ಕೈ ಮಲಗಿದ ಮನೆಯಲ್ಲಿ ಕೊಟ್ಟಿಗೆ, ತೋಟ, ಮಕ್ಕಳ ಊಟ ಎಲ್ಲವೂ ನೆರೆಯವರನ್ನು ಅವಲಂಬಿಸುತ್ತವೆ.

ಮಂಗ ಸತ್ತ ವಿಷಯ ತಿಳಿಸಿದರೆ ಅಧಿಕಾರಿಗಳು ಬಂದು ಕಾಡಿನ ದಾರಿ ಮುಚ್ಚುತ್ತಾರೆ, ವಿಚಾರಣೆಯ ತೊಂದರೆ ಬರುತ್ತದೆ ಎಂದು ಸುಮ್ಮನಾಗುವವರೂ ಇರಬಹುದು. ಅವರ ಹಿಂಜರಿಕೆಯನ್ನು ಗದರಿಕೆಯಿಂದ ಹೋಗಲಾಡಿಸಲಾಗದು. ಮಾಹಿತಿ ಕೊಟ್ಟವರಿಗೆ ತೊಂದರೆಯಾಗದು ಎಂಬ ಭರವಸೆಯನ್ನು ವಾರ್ಡಿನ ಸದಸ್ಯರೇ ಮುಂದೆ ನಿಂತು ಕೊಡಬೇಕು.

ಸಾರಾಂಶ

ಕಾಡಿನಲ್ಲಿ ಮಂಗ ಬಿದ್ದ ದಿನಕ್ಕೂ ಊರಿನಲ್ಲಿ ಮೊದಲ ಜ್ವರ ಬರುವ ದಿನಕ್ಕೂ ನಡುವೆ ಸಿಗುವ ಸ್ವಲ್ಪ ಸಮಯವೇ ಗ್ರಾಮ ಪಂಚಾಯತಿಯ ಕಾರ್ಯಾವಧಿ. ಪ್ರಯೋಗಾಲಯ ಎಷ್ಟೇ ಸುಸಜ್ಜಿತವಾಗಿದ್ದರೂ ಮಾದರಿ ಅಲ್ಲಿಗೆ ತಲುಪಬೇಕಾದರೆ ಊರಿನಿಂದ ಸುದ್ದಿ ಹೊರಡಬೇಕು. 1957ರಲ್ಲಿ ಸುದ್ದಿ ಹೊರಟದ್ದೂ ಹಳ್ಳಿಯಿಂದಲೇ. ಅಂದಿನ ಜನರಿಗೆ ಕಾರಣ ತಿಳಿದಿರಲಿಲ್ಲ. ಇಂದು ನಮಗೆ ಕಾರಣವೂ ಕಾಲವೂ ತಿಳಿದಿವೆ. ತಿಳಿದ ಮೇಲೂ ತಡಮಾಡಿದರೆ ಅದರ ಬೆಲೆಯನ್ನು ತೆರುವವರು ಕಾಡಿಗೆ ಹೋಗದೆ ಬದುಕಲಾಗದ ಬಡ ಕುಟುಂಬಗಳು.

ಸಾಮಾನ್ಯ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಕಳೆದ ಐದು ವರ್ಷಗಳಲ್ಲಿ ಮಂಗ ಸತ್ತ ಸ್ಥಳಗಳ ದಾಖಲೆ ಇದೆಯೇ? ಇಲ್ಲವಾದರೆ ಅದನ್ನು ಯಾರು, ಯಾವ ತಿಂಗಳಿನಿಂದ ಬರೆದಿಡಬೇಕು?

2. ಯಾವ ವಾರ್ಡಿನ ಎಷ್ಟು ಕುಟುಂಬಗಳು ಡಿಸೆಂಬರ್‌ನಿಂದ ಮೇ ನಡುವೆ ಕಾಡನ್ನು ಅವಲಂಬಿಸಿವೆ? ಸೌದೆ, ದರಗುಗಳ ಸಂಗ್ರಹವನ್ನು ನವೆಂಬರ್‌ಗೆ ಮೊದಲೇ ಮುಗಿಸಲು ಅವರಿಗೆ ಏನು ಅನುಕೂಲ ಬೇಕು?

3. ರಾತ್ರಿ ವೇಳೆ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಲು ನಮ್ಮ ಅತಿ ದೂರದ ಮಜರೆಯಿಂದ ವಾಹನ ವ್ಯವಸ್ಥೆ ಇದೆಯೇ? ಮೊಬೈಲ್ ಸಂಪರ್ಕವಿಲ್ಲದ ಮಜರೆಗಳಿಂದ ಸುದ್ದಿ ತಲುಪುವ ದಾರಿ ಯಾವುದು?

4. ಆರೋಗ್ಯ, ಅರಣ್ಯ, ಪಶುಪಾಲನೆ ಇಲಾಖೆಗಳ ಸ್ಥಳೀಯ ಸಿಬ್ಬಂದಿ ಪಂಚಾಯತಿಯೊಡನೆ ಒಟ್ಟಿಗೆ ಕುಳಿತು ಮಾತನಾಡಿದ ಕೊನೆಯ ಸಭೆ ಯಾವಾಗ ನಡೆಯಿತು? ಮುಂದಿನದು ಯಾವಾಗ?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ಕೋರಲಾಗಿದೆ.